ನೂಲಿನೆಳೆಯಷ್ಟೂ ಇಲ್ಲ

“ಎಲ್ಲಿ ಡಾಕ್ಟ್ರೇ ಗೆರೆ? ನಂಗೆ ಕಾಣ್ತಾನೇ ಇಲ್ಲ!” ದರ್ಜಿ ಹೆಂಗಸು ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿದಳು. ಅವಳು ನುಂಗುತ್ತಿದ್ದ ಮೂರ್ಛೆರೋಗದ ಮಾತ್ರೆಯ ಗೆರೆ ರಕ್ತದಲ್ಲಿ ಬೆಟ್ಟದಂತೆ ಏರಿತ್ತು. ಎದೆಹಾಲಿನಲ್ಲಿ ಅದರ ಗೆರೆ ತಳಕ್ಕೇ ಅಂಟಿಕೊಂಡಿತ್ತು.

“ತೀರಾ ಕೆಳಗೆ ನೋಡು. ಇದೇ ಮಾತ್ರೆ ನುಂಗೋ ನಲವತ್ತು ತಾಯಂದಿರು ಕೊಟ್ಟ ಹಾಲೂ ಹೀಗೇ ಇದೆ. ಧೈರ್ಯವಾಗಿ ಕುಡಿಸಮ್ಮ,” ಎಂದಳು ಸಂಶೋಧಕಿ.

ಹೆಂಗಸು ಗೆರೆಯ ಎತ್ತರವನ್ನು ಉಗುರಿನಿಂದ ಅಳೆದಳು. “ನೂಲಿನೆಳೆಯಷ್ಟೂ ಇಲ್ಲ. ಇದಕ್ಕಾ ನಾನು ಆರು ವಾರ ಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿದ್ದು?”

“ಹಾಲೂಡಿಸೋರಲ್ಲಿ ಯಾರೂ ಇದನ್ನ ಅಳೆದೇ ಇರಲಿಲ್ಲ. ಅದಕ್ಕೇ ಡಾಕ್ಟ್ರುಗಳೆಲ್ಲ ಕುಡಿಸೋದು ಬೇಡ ಅಂತಿದ್ರು.”

ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಮಗುವನ್ನು ಎದೆಗೊತ್ತಿಕೊಂಡಳು. ಬಾಟಲಿಗೆ ಒಗ್ಗಿದ್ದ ಮಗು ಎರಡು ಸಲ ಮುಖ ತಿರುಗಿಸಿತು, ಮೂರನೆಯ ಸಲ ಕಚ್ಚಿ ಹಿಡಿಯಿತು. ಗುಂಯ್‌ಗುಡುತ್ತಿದ್ದ ಹಾಲು ಪರೀಕ್ಷೆಯ ಯಂತ್ರವನ್ನು ಆರಿಸಿ ಸಂಶೋಧಕಿ ಕಿವಿಗೊಟ್ಟು ನಿಂತಳು. ಗುಟುಕ್ ಎಂಬ ಸದ್ದು ಕೋಣೆಗೆಲ್ಲ ಕೇಳಿಸಿತು.