ರಬ್ಬರ್ ಕಪ್ಪೆ

“ಅದು ಬೇಡಮ್ಮ. ಮೋಡ ಆಗಿದೆಯಲ್ಲ, ಕಪ್ಪಿಂದು ತಗೋ.”

ಮಗಳಿಗೆ ಕೊಡಲೆಂದು ಆರಿಸಿದ್ದ ಬಿಳಿ ರಬ್ಬರ್ ಕಪ್ಪೆಯನ್ನು ಸರಳಾ ಡಬ್ಬಿಗೆ ವಾಪಸು ಹಾಕಿದಳು. ಆ ಡಬ್ಬಿಯೋ, ಬಳೆ ಅಂಗಡಿಯಂತಿತ್ತು. ಮಿನುಗುವ ತಗಡಿನ ಮೀನು, ಜೆಲ್ಲಿಯಂಥ ಹಸಿರು ಹುಳ, ಬಾಲ ಇರುವುದು, ಇಲ್ಲದ್ದು, ಎಲ್ಲವೂ ಬ್ಯಾಸ್ ಮೀನಿಗೆ ಮೋಸ ಮಾಡಲು ಹುಟ್ಟಿದ ಹುಸಿ ಜೀವಗಳು. ಇಳಾ ಅವನ್ನೆಲ್ಲ ‘ಲೂರ್’ ಅನ್ನುತ್ತಿದ್ದಳು. ಬೆಳಿಗ್ಗೆ ಬಿಸಿಲಿದ್ದಾಗ ಬೆಳ್ಳಿ ಬಣ್ಣದ್ದನ್ನು ಎಸೆದೂ ಎಸೆದೂ ಅವಳ ಭುಜ ಸೋತಿತ್ತು. ಸಿಕ್ಕಿದ್ದು ಅಂಗೈ ಉದ್ದದ ಎರಡು ಮರಿ.

“ಕಪ್ಪು ಬಣ್ಣ ಈ ಕೆಸರು ನೀರಲ್ಲಿ ಕಾಣುತ್ತಾ?”

“ಮೀನು ಕೆಳಗಿಂದ ಮೇಲಕ್ಕೆ ನೋಡುತ್ತೆ. ಕಪ್ಪೆ ಹಿಂದೆ ಇರೋದು ಸ್ಕೈ. ಕಪ್ಪು ಚೆನ್ನಾಗಿ ಕಾಣುತ್ತೆ.” ಇಳಾ ಗಂಟು ಹಾಕಿ, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ, ಗಾಳದ ಕೋಲನ್ನು ಅಮ್ಮನ ಕೈಗೆ ಕೊಟ್ಟಳು. “ಸುಮ್ನೆ ಕೂರೋ ಬದಲು ನೀನೂ ಎಸಿ. ಆ ನೈದಿಲೆ ಎಲೆ ಮೇಲೆ ಬೀಳ್ಲಿ. ಆಮೇಲೆ ಮೆತ್ತಗೆ ಕುಣಿಸ್ತಾ ಬಾ.”

ಸುಮ್ಮನೆ ಕೂರುವುದಕ್ಕೆಂದೇ ಸರಳಾ ಬಂದಿದ್ದು. ಬೆಲ್‌ವಿಲ್ ಕೆರೆಯಲ್ಲಿ ಇವತ್ತು ಅಪ್ಪ-ಅಮ್ಮ ಮತ್ತು ಮಕ್ಕಳ ಪಂದ್ಯ. ದೋಣಿಗೆ ಒಬ್ಬ ದೊಡ್ಡವರು, ಒಂದು ಮಗು. ಯಾರ ಮೀನು ಎಲ್ಲಕ್ಕಿಂತ ಉದ್ದವೋ ಅವರು ಗೆದ್ದಂತೆ. ಅಳತೆಪಟ್ಟಿಯ ಮೇಲಿಟ್ಟು ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಕು, ಮೀನನ್ನು ಕೂಡಲೇ ನೀರಿಗೆ ಬಿಡಬೇಕು. ಹೋದ ವರ್ಷ ಇಳಾ ಕಾಲಿಂಚಿನಲ್ಲಿ ಸೋತಿದ್ದಳು. ಮುಂದಿನ ವರ್ಷದ ಪಂದ್ಯದ ಹೊತ್ತಿಗೆ ಹೈಸ್ಕೂಲ್ ಮುಗಿದಿರುತ್ತದೆ, ಆಮೇಲೆ ಈ ಪಂದ್ಯಕ್ಕೆ ಅವಳನ್ನು ಸೇರಿಸುವುದಿಲ್ಲ. ಜೊತೆಗೆ ಬರಬೇಕಿದ್ದ ಅವಳ ಅಪ್ಪ ಗಿರೀಶ ನಿನ್ನೆ ಗ್ಯಾರೇಜಿನಲ್ಲಿ ಬೆನ್ನು ಹಿಡಿಸಿಕೊಂಡು ಕ್ಯಾಂಟನ್ ಊರಿನ ಮನೆಯಲ್ಲಿ ಮಲಗಿದ್ದ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಸರಳಾ, ಮಗಳ ಸಪ್ಪೆ ಮುಖ ನೋಡಲಾಗದೆ ಹೊರಟಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು: “ತಿನ್ನೋದೂ ಇಲ್ಲ ಅಂದ್ಮೇಲೆ ಆ ಬಡಪಾಯಿ ಬಾಯಿಗೆ ಯಾಕೇ ಚುಚ್ಚಬೇಕು?”

ಮೊದಲ ಎಸೆತ ದೋಣಿಯ ಪಕ್ಕದಲ್ಲೇ ಬಿತ್ತು. ಎರಡನೆಯದು ಇಳಾಳ ಟೋಪಿಯನ್ನು ಹಾರಿಸಿತು. ಮೂರನೆಯ ಸಲ ಕಪ್ಪೆ ಗಾಳಿಯಲ್ಲಿ ತೇಲಿಹೋಗಿ ನೈದಿಲೆ ಎಲೆಗಳ ನಡುವೆ ತಪ್ಪನೆ ಕೂತಿತು. ಸರಳಾ ಕೋಲಿನ ತುದಿಯನ್ನು ಅಲ್ಲಾಡಿಸಿದಳು. ಕಪ್ಪೆ ಒಂದು ಎಲೆಯಿಂದ ಇನ್ನೊಂದಕ್ಕೆ ನಿಜವಾದ ಕಪ್ಪೆಯಂತೆಯೇ ಜಾರಿತು. ಇದರಲ್ಲೂ ಒಂದು ಮಜಾ ಇದೆಯಲ್ಲ ಅನ್ನಿಸಿ ಇನ್ನೊಮ್ಮೆ ಕುಣಿಸಿದಳು. ಎಲೆಗಳ ಸಂದಿಗೆ ಬಂತು, ನಿಂತಿತು.

ನೀರು ಸಿಡಿಯಿತು. ಕೊಡ ಅಗಲದ ಸುಳಿಯೆದ್ದು, ಕಪ್ಪೆ ಇದ್ದ ಜಾಗದಲ್ಲಿ ಏನೂ ಉಳಿಯಲಿಲ್ಲ.

“ಎಳೀಬೇಡ,” ಇಳಾಳ ದನಿ ಪಿಸುಗುಟ್ಟುವಂತಿತ್ತು. “ವೇಯ್ಟ್. ಭಾರ ಗೊತ್ತಾಗ್ಲಿ... ಈಗ.”

ಸರಳಾ ಎಳೆದಳು. ಆ ಕಡೆಯಿಂದಲೂ ಯಾರೋ ಎಳೆದರು. ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರ್ರೆಂದು ಕೂಗಿ ದಾರ ಬಿಟ್ಟಿತು.

“ನೀನು ಹಿಡ್ಕೊಳೇ, ನನ್ನ ಕೈಲಾಗಲ್ಲ.”

“ನಾನು ಮುಟ್ಟಿದ್ರೆ ಡಿಸ್ಕ್ವಾಲಿಫೈ ಮಾಡ್ತಾರೆ. ಕೋಲು ಮೇಲಿಟ್ಕೊ. ಅದು ಎಳೆದಾಗ ಬಿಡು, ನಿಂತಾಗ ಸುತ್ತು.”

ಮೀನು ಜೊಂಡಿನೊಳಗೆ ನುಗ್ಗಿತು, ದೋಣಿಯಡಿಗೆ ಬಂತು, ಒಮ್ಮೆ ಇಡೀ ಮೈಯನ್ನು ನೀರಿಂದಾಚೆ ಎಸೆದು ತಲೆ ಕೊಡವಿತು. ಸರಳಾ ಮೊಣಕಾಲೂರಿ ಕೂತಿದ್ದಳು. ಜಡೆ ಬಿಚ್ಚಿಹೋಗಿತ್ತು. ಬಾ, ಬಾರೋ, ಬಂದ್ಬಿಡು ರಾಜ ಎಂದು ಏನೇನೋ ಅನ್ನುತ್ತಿದ್ದಳು. ಕೊನೆಗೆ ಇಳಾ ಬಲೆ ಒಡ್ಡಿ ಎತ್ತಿದಾಗ ದೋಣಿಯೇ ವಾಲಿದಂತಾಯಿತು. ಗಾಳ ಬಿಡಿಸಿ ಅಳತೆಪಟ್ಟಿಯ ಮೇಲಿಟ್ಟರು. ಇಪ್ಪತ್ತೊಂದು ಇಂಚು. ಫೋನಿಗೆ ಬರುತ್ತಿದ್ದ ಪಟ್ಟಿಯಲ್ಲಿ ಮುಂದಿದ್ದವರ ಮೀನು ಹತ್ತೊಂಬತ್ತನ್ನೂ ಮುಟ್ಟಿರಲಿಲ್ಲ.

“ಅಮ್ಮಾ, ವಿ ವನ್. ಅಲ್ಲಾಡದ ಹಾಗೆ ಹಿಡ್ಕೊ.”

ಸರಳಾ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ತಣ್ಣಗೆ, ಗಟ್ಟಿಯಾಗಿ, ಬದುಕೇ ಮೈಯಾದಂತಿತ್ತು ಅದು. ಇಳಾ ಫೋನ್ ತೆಗೆದಳು. ಗಾಜಿನ ಮೇಲೆ ನೀರು, ಬೆರಳಿನ ಮೇಲೆ ಲೋಳೆ. ಕ್ಯಾಮೆರಾ ತೆರೆಯಲಿಲ್ಲ. ಅಂಗಿಗೆ ಒರೆಸಿದಳು. ಅಂಗಿಯೂ ಒದ್ದೆ. ತೆರೆಯಿತು, ಮತ್ತೆ ಮುಚ್ಚಿಕೊಂಡಿತು. ಮೀನಿನ ಕಿವಿರು ಒಮ್ಮೆ ಅಗಲವಾಗಿ ತೆರೆದು ಮುಚ್ಚಿತು. ಆಮೇಲೆ ಇನ್ನೊಮ್ಮೆ, ನಿಧಾನವಾಗಿ. ಬಾಲ ಬಡಿಯುವುದು ನಿಂತಿತು.

ಇಳಾ ಫೋನ್ ನೋಡಿದಳು. ಮೀನನ್ನು ನೋಡಿದಳು. ಫೋನನ್ನು ಸೀಟಿನ ಮೇಲೆ ಎಸೆದು, ಅಮ್ಮನ ಕೈಯಿಂದ ಮೀನನ್ನು ಬಿಡಿಸಿಕೊಂಡು ನೀರಿಗಿಳಿಸಿದಳು. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಮಗುವನ್ನು ತೂಗಿದಂತೆ ಮೆಲ್ಲಗೆ ಹಿಂದೆ ಮುಂದೆ ಆಡಿಸಿದಳು. ಸ್ವಲ್ಪ ಹೊತ್ತು ಅದು ಹಾಗೇ ಮಲಗಿತ್ತು. ಆಮೇಲೆ ಬಾಲ ಒಮ್ಮೆ ಬೀಸಿ ಅವಳ ಮುಖಕ್ಕೆ ನೀರೆರಚಿ ಕತ್ತಲೆಗೆ ಇಳಿದುಹೋಯಿತು.

“ಇನ್ನೊಂಚೂರು ತಡೀತಿತ್ತಲ್ಲೇ ಅದು,” ಎಂದಳು ಸರಳಾ.

ಇಳಾ ಕೈ ಒರೆಸಿಕೊಳ್ಳಲೆಂದು ಚೀಲದ ತಳದಿಂದ ಟವೆಲ್ ಹುಡುಕಿ ತೆಗೆದು ಅಮ್ಮನ ಕಡೆ ಚಾಚಿದಳು. ಸರಳಾ ಅದನ್ನು ನೋಡಲೇ ಇಲ್ಲ. ಲೋಳೆ ಅಂಟಿದ ಬೆರಳಲ್ಲೇ ಕಪ್ಪೆಯ ಕಾಲಿಗೆ ಸಿಕ್ಕಿಕೊಂಡಿದ್ದ ಜೊಂಡನ್ನು ಬಿಡಿಸುತ್ತಾ, ಎಲೆಗಳ ನಡುವೆ ಇನ್ನೊಂದು ಸಂದಿಗಾಗಿ ಹುಡುಕುತ್ತಿದ್ದಳು.