ಔಷಧಿ ಹೊಡೆಯದ ತಾಕು

ಏಳನೇ ಸೋಯಾ ತಾಕಿನ ಫಲಕಕ್ಕೆ ಹೊದಿಸಿದ್ದ ಗೋಣಿಯನ್ನು ಕೃಷಿ ವಿಜ್ಞಾನಿ ಡಾಕ್ಟರ್ ಲಿಯೊಕಾಡಿಯಾ ಎಳೆದದ್ದೇ ತಡ, ನೆರೆದಿದ್ದ ಪರಾನಾ ಸೀಮೆಯ ರೈತರೆಲ್ಲ ಹೋ ಎಂದು ನಕ್ಕರು. “ಔಷಧಿ ಹೊಡೆದಿಲ್ಲ” ಎಂದು ಬರೆದಿತ್ತು. ಉಳಿದ ಆರು ತಾಕಿಗೆ ಆರು ಕಂಪನಿಗಳ ಔಷಧಿ ಹೊಡೆಸಿ, ಹೋಲಿಸಿ ನೋಡಲೆಂದು ಇದೊಂದನ್ನು ಹಾಗೇ ಬಿಡಿಸಿದ್ದಳು. ತುಕ್ಕುರೋಗಕ್ಕೆ ಎಲೆಯೆಲ್ಲ ಉದುರಿರಬೇಕಾದ ಆ ತಾಕೇ ಎಲ್ಲಕ್ಕಿಂತ ಹಸಿರಾಗಿ ನಿಂತಿತ್ತು.

“ಡಾಕ್ಟ್ರಮ್ಮಾ, ನಮಗೂ ಇದನ್ನೇ ಎರಡು ಕ್ಯಾನ್ ಕೊಡ್ಸಿ!” ಎಂದನೊಬ್ಬ ರೈತ.

ಹೊಲ ಕಾಯುವ ಮುದುಕ ಅನಕ್ಲೆಟೊ ಟೋಪಿ ತೆಗೆದು ಎದೆಗೊತ್ತಿಕೊಂಡ. “ತಪ್ಪು ನಂದೇ ತಾಯಿ. ಇಷ್ಟು ಜನರ ಮುಂದೆ ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ, ಮೊದಲ ಚುಕ್ಕಿ ಕಂಡಾಗ್ಲೇ ನಾನು ಹೊಡೆದುಬಿಟ್ಟೆ.”

ಇಡೀ ವರ್ಷದ ಪ್ರಯೋಗ ಮಣ್ಣುಪಾಲಾಗಿತ್ತು. ಲಿಯೊಕಾಡಿಯಾ ಹಣೆ ಚಚ್ಚಿಕೊಂಡಳು. “ಹೋಗ್ಲಿ ತಾತ, ಯಾವ ಔಷಧಿ ಹೊಡೆದ್ರಿ?”

“ಆರೂ ತಾಕಿಗೆ ಹೊಡೆದು ಮಿಕ್ಕಿದ್ದನ್ನೆಲ್ಲ ಸೇರಿಸಿ ಹೊಡೆದೆ. ಯಾವ ಕಂಪನಿಯವರಿಗೂ ಬೇಜಾರಾಗ್ಬಾರ್ದಲ್ಲ!”

ತಡೆಯಲಾಗದೆ ನಕ್ಕುಬಿಟ್ಟ ಅವಳು ಜೇಬಿನಿಂದ ಪೆನ್ನು ತೆಗೆದು, ಫಲಕದ ಮೇಲಿದ್ದುದನ್ನು ಗೀಚಿಹಾಕಿ, ದಪ್ಪ ಅಕ್ಷರದಲ್ಲಿ ಬರೆದಳು: “ಅನಕ್ಲೆಟೊ ಕಷಾಯ.”