ಯಮಪಟದ ಕೊನೆಯ ಚೌಕ

ಹಲಧರ ಮೈತಿ ಮೀಸೆ ಬೋಳಿಸಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಫುಲ್ಜಾನಳ ಹಾಡು ಅರ್ಧ ಮುಗಿದಿತ್ತು.

ಇಪ್ಪತ್ತು ವರ್ಷದ ಮೀಸೆ! ಹೆಂಡತಿ ಪಾರುಲ್‌ಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಇದೇನ್ರೀ ಅವತಾರ? ಸಿಪ್ಪೆ ಸುಲಿದ ಗೆಣಸಿನ ಥರ ಇದೀರ!”

“ಸೆಖೆ ಕಣೇ. ಸುಮ್ನಿರು.”

ಸೆಖೆಯೂ ಇಲ್ಲ, ಮಣ್ಣೂ ಇಲ್ಲ. ಬರೀ ಹೆದರಿಕೆ. ಕಾಗದದ ಸುರುಳಿಯಲ್ಲಿ ಪಟ ಬರೆದು, ಅದನ್ನು ತೋರಿಸುತ್ತಾ ಊರೂರಲ್ಲಿ ಹಾಡುತ್ತಿದ್ದ ನಿರಾಪದ ಹೋದ ವರ್ಷ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿತು ಎಂದು ಎಲ್ಲರೂ ನಂಬಿದರು, ಅವನ ಹೆಂಡತಿ ಫುಲ್ಜಾನ್ ಒಬ್ಬಳನ್ನು ಬಿಟ್ಟು. ಗಂಡನನ್ನು ಕೊಂದವನನ್ನು ಅವಳು ನರಕದ ಶಿಕ್ಷೆಗಳನ್ನು ತೋರಿಸುವ ಯಮಪಟದ ಕೊನೆಯ ಚೌಕದಲ್ಲಿ, ಕುದಿಯುವ ಎಣ್ಣೆಯ ಕೊಪ್ಪರಿಗೆಯಲ್ಲಿ ಬರೆದಿದ್ದಾಳಂತೆ. ಮೇದಿನಿಪುರದ ಹದಿನಾರು ಊರುಗಳಲ್ಲಿ ಹಾಡಿದರೂ ಆ ಚೌಕ ಬಿಚ್ಚಿಲ್ಲವಂತೆ. ‘ಅವನ ಊರಲ್ಲೇ ಬಿಚ್ಚುತ್ತೇನೆ’ ಎನ್ನುತ್ತಾಳಂತೆ.

ಇದು ಹದಿನೇಳನೆಯ ಊರು. ದೊಡ್ಡ ಅಂಗಳ ಹಲಧರನದೇ. ಬೇಡವೆನ್ನಲು ಬಾಯಿ ಬರಲಿಲ್ಲ. ಅವಳನ್ನು ಅಟ್ಟಿದರೆ ಜನ ಏನೆಂದುಕೊಂಡಾರು?

ಫುಲ್ಜಾನ್ ಸುರುಳಿ ಬಿಚ್ಚುತ್ತಾ ಬೆರಳಿಟ್ಟು ಹಾಡಿದಳು. ಕೋಣನ ಮೇಲೆ ಯಮ. ಲೆಕ್ಕ ಓದುವ ಚಿತ್ರಗುಪ್ತ. ಸುಳ್ಳುಗಾರನ ನಾಲಿಗೆ ಕೀಳುವ ದೂತರು. ಅವಳ ಕಣ್ಣು ಮಾತ್ರ ಪಟದ ಮೇಲಿರಲಿಲ್ಲ. ಒಂದೊಂದೇ ಮುಖ ನೋಡುತ್ತಾ ಬಂದು ಹಲಧರನ ತುಟಿಯ ಮೇಲಿನ ಬಿಳಿ ಪಟ್ಟಿಯಲ್ಲಿ ನಿಂತಿತು. ಅವನು ಅಂಗೈಯಿಂದ ಅದನ್ನು ಮುಚ್ಚಿಕೊಂಡ.

ಕೊನೆಯ ಚೌಕಕ್ಕೆ ಮುಂಚೆ ಮನೆಯವರು ಅಕ್ಕಿ ಕೊಡುವುದು ರೂಢಿ. ಪಾರುಲ್ ಮೊರ ತರಲು ಒಳಗೆ ಹೋದಳು. ಫುಲ್ಜಾನ್ ನೀರು ಕುಡಿಯಲು ಹಿತ್ತಲಿನ ಕೊಳಕ್ಕೆ ಹೋದಳು. ಹಲಧರ ಹಿಂದೆಯೇ ಓಡಿದ.

“ಆ ಮುಖ ಅಳಿಸಿಬಿಡು ತಾಯಿ. ನಿನ್ನ ಕಾಲಿಗೆ ಬೀಳ್ತೀನಿ.”

“ಯಾಕೆ ಬಾಬು?”

“ಬೇಕೂಂತ ತಳ್ಳಲಿಲ್ಲ. ಪಕ್ಕದವರ ಮೀನಿನ ಕೊಳಕ್ಕೆ ನಾನು ವಿಷ ಹಾಕಿದ್ದನ್ನ ನೋಡ್ಬಿಟ್ಟ. ಪಟ ಬರೆದು ಹಾಡ್ತೀನಿ ಅಂದ. ಕಾಲುವೆ ದಡದಲ್ಲಿ ಒಂದೇ ಸಲ ತಳ್ಳಿದ್ದು...”

ಫುಲ್ಜಾನಳ ಬೊಗಸೆಯ ನೀರು ಕೆಳಗೆ ಸೋರಿಹೋಯಿತು.

“ಬೀಳುವಾಗ ಅವ್ರು ಕೂಗಿದ್ರಾ?”

“ನಿನ್ನ ಹೆಸರನ್ನೇ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅಳಿಸೋಕೇನಿದೆ ಬಾಬು? ಬನ್ನಿ.”

ಸದ್ಯ, ಬದುಕಿದೆ ಎಂದುಕೊಂಡ ಹಲಧರ.

ಅಂಗಳದಲ್ಲಿ ಊರೆಲ್ಲ ಕತ್ತು ಚಾಚಿ ನಿಂತಿತ್ತು. ಸುರುಳಿ ಕೊನೆಯವರೆಗೂ ಬಿಚ್ಚಿಕೊಂಡಿತು. ಬೆಂಕಿ ಇತ್ತು, ಕೊಪ್ಪರಿಗೆ ಇತ್ತು, ಅದರೊಳಗೆ ಕೈಮುಗಿದ ಮೈ ಇತ್ತು. ಕತ್ತಿನ ಮೇಲೆ ಬರೀ ಕಾಗದ.

ಫುಲ್ಜಾನ್ ಜೋಳಿಗೆಯಿಂದ ಕುಂಚ ಮತ್ತು ಮಸಿ ಕಲಸಿದ ತೆಂಗಿನ ಚಿಪ್ಪು ತೆಗೆದಳು. ಹಲಧರನನ್ನು ನೋಡಿ ನೋಡಿ ಗಲ್ಲ ಬರೆದಳು, ಕಿವಿ ಬರೆದಳು, ಮೂಗು ಬರೆದಳು. ಆಮೇಲೆ ಅಕ್ಕಿಯ ಮೊರ ಹಿಡಿದು ನಿಂತಿದ್ದ ಪಾರುಲ್ ಕಡೆಗೆ ತಿರುಗಿದಳು.

“ದೀದಿ, ಯಜಮಾನ್ರ ಮೀಸೆ ಹೇಗಿತ್ತು?”